ಎಮ್ಮೆ ಮಾರಿ ತಂದ ಕಾರಿಗೆ ಸಸ್ತಾ ಟಯರು

ಜುಲೈ 6, ಭಾನುವಾರ, ಬೆಳಿಗ್ಗೆ 9:20ಕ್ಕೆ ಇದು ಶುರುವಾಯಿತು. ಅಪ್ಪ ನಮ್ಮ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸಂತೆಯಲ್ಲಿ ಆಡಿನ ಬಾಯಿ ಬಿಡಿಸಿ ನೋಡುವ ಹಾಗೆ ಟಯರಿನ ಗೀರುಗಳಲ್ಲಿ ಬೆರಳಾಡಿಸಿದರು.

"ಮಗಳ, ಇದರ ಹಲ್ಲ ಸವದು ಹೋಗ್ಯಾವ. ಇದನ್ನ ಸಂತಿಗಿ ಒಯ್ದ್ರ ಯಾರೂ ಮುಟ್ಟಂಗಿಲ್ಲ."

ಮುಂದಿನ ಎರಡೂ ಹಾಗೆಯೇ ಬೋಳಾಗಿದ್ದವು. ಹಿಂದಿನ ಎರಡು ಚೆನ್ನಾಗಿದ್ದವು. ಹಳೆಯ ಮಾಲೀಕರು ಹಾಕಿಸಿದ್ದ ಹೆಸರುವಾಸಿ ಕಂಪನಿಯವು. ಕಾರು ನಮಗೆ ಎರಡನೇ ಕೈಯದು. ಎತ್ತಿನ ಜೋಡಿಯನ್ನು ಉಳಿಸಿಕೊಂಡು, ಮನೆಯಲ್ಲಿದ್ದ ಒಂದೇ ಎಮ್ಮೆಯನ್ನು ಮಾರಿ, ನನ್ನ ಸಂಬಳದ ಉಳಿತಾಯ ಸೇರಿಸಿ ಅದನ್ನು ತಂದದ್ದು ಅವ್ವನಿಗಾಗಿ. ಅವ್ವನ ತಂಗಿ, ಅಂದರೆ ನಮ್ಮ ಮೌಶಿ, ಬಸವಕಲ್ಯಾಣದಲ್ಲಿದ್ದಾಳೆ. ನಮ್ಮ ಊರು ಹುಡಗಿಯಿಂದ ಹುಮನಾಬಾದಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅವ್ವನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗುವುದಿಲ್ಲ. ಕಾರು ಬಂದ ಮೇಲೆ ಅಕ್ಕತಂಗಿಯರು ಪ್ರತಿ ಭಾನುವಾರ ಸೇರತೊಡಗಿದರು. ನನ್ನ ಡೈರಿಯ ಪ್ರಕಾರ ಹದಿನಾಲ್ಕು ಭಾನುವಾರ, ಹದಿಮೂರು ಭೇಟಿ. ಒಂದನ್ನು ಬ್ಯಾಟರಿ ನುಂಗಿತು.

ಆದರೆ ಅಪ್ಪನಿಗೆ ಎಮ್ಮೆಯ ನೆನಪು ಹೋಗಿರಲಿಲ್ಲ. ನಾನು ಹಾಲಿನ ಕೇಂದ್ರದಲ್ಲಿ ಫ್ಯಾಟ್ ಅಳೆಯುವವಳು. "ಊರ ಮಂದಿ ಎಮ್ಮಿ ಹಾಲೆಲ್ಲ ಅಳಿತಿ, ನಮ್ಮ ಚಾಕ್ಕ ಪಾಕೀಟು ತರ್ತಿ," ಎಂದು ದಿನಾ ಒಮ್ಮೆಯಾದರೂ ಚುಚ್ಚುತ್ತಿದ್ದರು. ಆ ಭಾನುವಾರ ಟಯರಿನ ಮುಂದಿಂದ ಎದ್ದು ತೀರ್ಪು ಕೊಟ್ಟರು: "ಈಗ ಎರಡು ಟಯರ್ ಹಾಕಸ್ತೀನಿ. ದಸರಾ ತನಕ ಅವು ಬರೋಬ್ಬರಿ ನಡದ್ರ ಕಾರು ಇರಲಿ. ಒಂದರ ಕುಂಟಿತು ಅಂದ್ರ ಕಾರು ಹೋಗಬೇಕು, ಎಮ್ಮಿ ಬರಬೇಕು."

ಬರೀ ಬಾಯಿಮಾತಲ್ಲ. ಸಂಜೆಯೊಳಗೆ ಕಾರು ನಿಲ್ಲುವ ಜಾಗದ ಹಿಂದೆ ಒಂದು ಗೂಟ ಹೊಡೆದರು. ಎಮ್ಮೆ ಇಲ್ಲ, ಗೂಟ ತಯಾರು!

ಮರುದಿನ ಅಪ್ಪನನ್ನು ಕೂರಿಸಿಕೊಂಡು ಹುಮನಾಬಾದಿನ ಟಯರ್ ಅಂಗಡಿಗೆ ಹೋದೆ. ಅಂಗಡಿಯವರು ಎರಡು ಜೋಡಿ ಉರುಳಿಸಿ ತಂದರು. ಒಂದು ಎಲ್ಲರಿಗೂ ಗೊತ್ತಿರುವ ಕಂಪನಿಯದು. ಇನ್ನೊಂದರ ಹೆಸರು ನಾನು ಕೇಳೇ ಇರಲಿಲ್ಲ. ಬೆಲೆ ಮಾತ್ರ ಹೆಚ್ಚುಕಡಿಮೆ ಅರ್ಧ. ಹೊಸ ಟಯರಿನ ಮೈಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಅಪ್ಪ ಅವನ್ನು ಸವರಿ, "ಎಳಿಗರ ಅದ," ಅಂದರು.

"ಕಾಕಾ, ಕೂದಲ ನೋಡಿ ವಯಸ್ಸು ಹೇಳಬ್ಯಾಡ್ರಿ," ಅಂಗಡಿಯವರು ನಕ್ಕು, ಟಯರಿನ ಬದಿಯ ಮೇಲಿದ್ದ ನಾಲ್ಕು ಅಂಕಿ ತೋರಿಸಿದರು. ಮೊದಲಿನ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಸಸ್ತಾ ಜೋಡಿ ಇದೇ ವರ್ಷದ್ದಾಗಿತ್ತು.

ಅಪ್ಪ ಬೆರಗಾದರು. "ಹುಟ್ಟಿದ ವಾರ ಮೈಮ್ಯಾಲೇ ಬರದದ! ದನದ ಮ್ಯಾಲ ಹಿಂಗ ಬರದಿದ್ರ ನಮ್ಮ ದಲಾಲರೆಲ್ಲ ಉಪವಾಸ ಸಾಯ್ತಿದ್ರು." ಆಮೇಲೆ ಗಂಭೀರವಾಗಿ, "ನಮ್ಮ ಕಡಿ ಎರಡ ಹೊತ್ತು ಹಾಲ ಕರದು ನೋಡಿ ಆಮ್ಯಾಲ ರೊಕ್ಕ ಕೊಡೋದು."

"ಕರಕೊಳ್ರಿ ಕಾಕಾ. ಬಕೆಟ್ ಕೊಡ್ಲೇನ್ರಿ?"

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಮುಂದೆ ಚಾಚಿದರು. ದನದ ಸಂತೆಯಲ್ಲಿ ದರ ಕುದುರುವುದು ಹೀಗೆಯೇ: ಟವೆಲ್ ಕೆಳಗೆ ಬೆರಳು ಹಿಡಿದು, ಬಾಯಿ ಬಿಡದೆ. ಗೋಡೆಯ ಮೇಲೆ 'ಒಂದೇ ದರ' ಎಂಬ ದೊಡ್ಡ ಬೋರ್ಡು. ನಾನು ನಾಚಿಕೆಯಿಂದ ಬೋರ್ಡಿನ ಅಕ್ಷರಗಳನ್ನು ಎಣಿಸುತ್ತ ನಿಂತೆ. ಅಂಗಡಿಯವರು ಅಂಗಿಯ ತೋಳು ಮಡಚಿ, ತಾವೂ ಟವೆಲ್ ಕೆಳಗೆ ಕೈ ಹಾಕಿದರು! ಇಬ್ಬರ ಮುಖದಲ್ಲೂ ಏನೂ ಕಾಣಲಿಲ್ಲ. ಟವೆಲ್ ಮಾತ್ರ ಒಳಗೆ ಎರಡು ಇಲಿ ಜಗಳಾಡಿದ ಹಾಗೆ ಕುಣಿಯಿತು. ಕೈ ಹೊರಗೆ ಬಂದಾಗ ಸಸ್ತಾ ಜೋಡಿಯ ವ್ಯಾಪಾರ ಮುಗಿದಿತ್ತು.

ಕೂಡಿಸುವಾಗ ಇನ್ನೊಂದು ವಾದ. ಹೊಸ ಜೋಡಿ ಹಿಂದಕ್ಕೆ ಹಾಕಬೇಕು, ಮಳೆಯಲ್ಲಿ ಹಿಂಭಾಗ ಜಾರುವುದಿಲ್ಲ, ಎಂದು ಅಂಗಡಿಯವರು ಹೇಳಿದರು. ಅಪ್ಪ ಒಪ್ಪಲಿಲ್ಲ. "ಎಳಿಯೋದು ಮುಂದಿನ ಜೋಡಿ. ಮುದಿ ಎತ್ತು ಮುಂದ ಕಟ್ಟಿ ಹೊಸಾದು ಹಿಂದ ಕಟ್ತಾರೇನು?" ಹೊಸವು ಮುಂದೆಯೇ ಕೂತವು. ಈ ಮಾತನ್ನು ಓದುವವರು ನೆನಪಿಡಬೇಕು.

ನಾನು ಪರೀಕ್ಷೆ ಶುರು ಮಾಡಿದೆ. ಬೆಂಕಿಕಡ್ಡಿಗೆ ಪೆನ್ನಿನಿಂದ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಟಯರಿನ ಗೀರಿನ ಆಳ ನೋಡಿದೆ. ಬ್ರೇಕಿಗೆ ಊರಾಚೆಯ ಖಾಲಿ ರಸ್ತೆ. ಗುರುತಿಗೆ ಬದಿಯಲ್ಲಿ ಅಪ್ಪ ಮತ್ತು ಅವರ ಟವೆಲ್. ನಲವತ್ತರ ವೇಗದಲ್ಲಿ ಬಂದು ಟವೆಲ್ ಬೀಸಿದಾಗ ಬ್ರೇಕ್ ಒತ್ತಬೇಕು. ಒಣ ರಸ್ತೆಯಲ್ಲಿ ಕಾರು ಅಪ್ಪನನ್ನು ಸ್ವಲ್ಪ ದಾಟಿ ನಿಂತಿತು. ಮೊದಲ ಜೋರು ಮಳೆಯ ದಿನ ಇನ್ನೂ ಒಂದು ಕಾರಿನಷ್ಟು ಉದ್ದ ಮುಂದೆ ಹೋಗಿ ನಿಂತಿತು. ಅಪ್ಪ ಮಾತ್ರ ಅಷ್ಟರಲ್ಲಿ ತೊಗರಿ ಹೊಲದೊಳಗೆ ಮೊಣಕಾಲಿನವರೆಗೆ ಹೋಗಿ ನಿಂತಿದ್ದರು.

"ಯಪ್ಪಾ, ನೀ ಯಾಕ ಜಿಗದಿ? ಕಾರು ನಿನ್ನ ಕಡಿ ಬಂದೇ ಇಲ್ಲ!"

"ನಂಗೇನ್ ಗೊತ್ತು? ಅರ್ಧ ರೇಟಿಂದು ಅರ್ಧ ದಾರಿಗಿ ನಿಂದ್ರತದೋ ಇಲ್ಲೋ!"

ಮನೆಗೆ ಬರುವವರೆಗೂ ಇಬ್ಬರೂ ನಕ್ಕೆವು. ಡೈರಿಯಲ್ಲಿ ಬರೆದೆ: ಮಳೆಯಲ್ಲಿ ಮುಂದಿನ ಗಾಡಿಯಿಂದ ದೂರ ಇರಬೇಕು. ಅರವತ್ತು ದಾಟಿದರೆ ಗುಂಯ್ ಎನ್ನುವ ಸದ್ದು. ಉಳಿದಂತೆ ದೂರಿಲ್ಲ.

ಆಗಸ್ಟ್ 10ರ ಭಾನುವಾರ ದೂರು ಬಂತು. ಹುಮನಾಬಾದ್ ದಾಟುತ್ತಲೇ ಟಕ್, ಟಕ್, ಟಕ್. ವೇಗ ಹೆಚ್ಚಿದರೆ ಟಕಟಕಟಕ. ಟಯರಿನ ಜೊತೆಗೇ ತಿರುಗುವ ಸದ್ದು. ಇಳಿದು ಮುಂದಿನ ಎರಡನ್ನೂ ತಡವಿ ನೋಡಿದೆ, ಏನೂ ಸಿಗಲಿಲ್ಲ. ಒಳಗೆ ಎಲ್ಲೋ ತಂತಿ ಬಿಟ್ಟಿರಬೇಕು, ಸಸ್ತಾ ಮಾಲಲ್ಲವೇ, ಅಂದುಕೊಂಡೆ. ಎರಡು ವಾರ ಅವ್ವನ ಪಕ್ಕದಲ್ಲಿ ಕೂತು ಕಿವಿ ನೆಟ್ಟು ಓಡಿಸಿದೆ. ಅಪ್ಪನಿಗೆ ಹೇಳಬಾರದೆಂದು ಅವ್ವ, ನಾನು ಒಪ್ಪಂದ ಮಾಡಿಕೊಂಡಿದ್ದೆವು. ಆದರೆ ಹಾಲಿನ ಕೇಂದ್ರದ ತನಕ ಒಮ್ಮೆ ಜೊತೆಗೆ ಬಂದ ಅಪ್ಪ ಮನೆಯ ಅಂಗಳ ದಾಟುತ್ತಲೇ ಕಿವಿ ಎತ್ತಿದರು.

"ಕುಂಟಾಕತ್ತದಲ್ಲ!"

ಘಾಟಬೋರಾಳದಿಂದ ಒಬ್ಬರು ಸೋಮವಾರ, ಸೆಪ್ಟೆಂಬರ್ 1ರಂದು, ಎಮ್ಮೆ ಹೊಡೆದುಕೊಂಡು ಬರುವುದೆಂದು ಮಾತಾಯಿತು. ಕಾರು ಕೇಳುವವರೂ ಒಬ್ಬರು ಇದ್ದರು.

ಹಿಂದಿನ ದಿನ ಭಾನುವಾರ. ಅವ್ವ ಮೌಶಿಗೆ ವಿಷಯ ಹೇಳಿದಳು. ಮೌಶಿ ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಂದಳು. "ಕೊನೀ ಸವಾರಿ ಇದ್ರ ನಾನೂ ಬರ್ತೀನಿ. ನಿಮ್ಮಪ್ಪನ ಮುಂದ ನಾ ಕೂಡ್ತೀನಿ ಧರಣಿ." ಬಂದು ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು. ಅವ್ವ ಮೊದಲ ಸಲ ಹಿಂದೆ ಕೂರಬೇಕಾಯಿತು. ಅವ್ವನಿಗೆ ಸಿಟ್ಟು.

ಬಂಗ್ಲಾ ಕ್ರಾಸಿಗೆ ಬರುವ ಮೊದಲೇ ಹಿಂದಿನಿಂದ ಕೂಗು: "ಏ, ನಿಂದ್ರಸು! ಸದ್ದು ನನ್ನ ಬುಡಕ್ಕೇ ಬರಾಕತ್ತದ!"

"ಅಕ್ಕಾ, ಮುಂದ ಕೂಡಬೇಕಂತ ನಾಟಕ ಮಾಡಬ್ಯಾಡ," ಎಂದಳು ಮೌಶಿ.

"ನಾಟಕ? ನೀನೇ ಇಳದು ಕೇಳು!"

ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗೆ, ಒಂದು ಧಾಬಾದ ಅಂಗಳಕ್ಕೆ ಇಳಿಸಿದೆ. ನಾನು ಆಮೆಯ ಹಾಗೆ ಓಡಿಸುತ್ತಿದ್ದರೆ ಮೌಶಿ ಸೀರೆ ಎತ್ತಿ ಹಿಡಿದು ಚಕ್ರದ ಜೊತೆ ನಡೆದಳು. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾಳ ಎಣಿಸಿದಳು. ಚಹಾ ಕುಡಿಯುತ್ತಿದ್ದ ಲಾರಿಯವರು ಕಪ್ಪು ಕೆಳಗಿಟ್ಟರು. ಎರಡನೇ ಸುತ್ತಿನಲ್ಲಿ ಮೌಶಿ ಕಿರುಚಿದಳು: "ಸಿಕ್ತು! ಹಿಂದಿಂದು, ಎಡಗಡಿ!"

ಹೆಸರುವಾಸಿ ಕಂಪನಿಯ ಟಯರು! ಅದರಲ್ಲಿ ಎತ್ತಿನ ನಾಲದ, ಅಂದರೆ ಗೊರಸಿಗೆ ಹೊಡೆಯುವ ಲಾಳದ ತುಂಡು, ಎರಡು ಮೊಳೆಗಳ ಸಮೇತ, ಹಲ್ಲಿನ ಹಾಗೆ ನಾಟಿ ಕೂತಿತ್ತು. ಮುಂದಿನ ಬಡಪಾಯಿ ಜೋಡಿಗೆ ಮೂರು ವಾರ ಬೈದದ್ದೇ ಬೈದದ್ದು. ನಾನು ಖುಷಿಗೆ ಹಾರ್ನ್ ಹೊಡೆದೆ. ಲಾರಿಯವರೂ ಹೊಡೆದರು, ಯಾಕೆಂದು ಗೊತ್ತಿಲ್ಲದೆ.

ನಾಲವನ್ನು ಅಲ್ಲೇ ಕೀಳಲಿಲ್ಲ, ಗಾಳಿ ಹೋಗಬಾರದು. ನಿಧಾನಕ್ಕೆ ಹುಮನಾಬಾದಿಗೆ ತಂದು ತೆಗೆಸಿ ಪಂಕ್ಚರ್ ಹಾಕಿಸಿದೆ. ಅಂಗಡಿಯವರ ಮಾತಿನಂತೆ ಹೊಸ ಜೋಡಿಯನ್ನು ಹಿಂದಕ್ಕೆ, ಹಳೆಯದನ್ನು ಮುಂದಕ್ಕೆ ಬದಲಿಸಿದ್ದೂ ಅಂದೇ.

ಮನೆಗೆ ಬಂದು ನಾಲವನ್ನು ಅಪ್ಪನ ಅಂಗೈ ಮೇಲಿಟ್ಟೆ. ಅಪ್ಪ ತಿರುಗಿಸಿ ತಿರುಗಿಸಿ ನೋಡಿದರು. ಕೊಟ್ಟಿಗೆಗೆ ಹೋಗಿ ನಮ್ಮ ಎಡಗಡೆಯ ಎತ್ತಿನ ಹಿಂಗಾಲು ಎತ್ತಿದರು. ಗೊರಸಿನ ಒಂದು ಹೋಳು ಬರಿದಾಗಿತ್ತು. ತುಂಡನ್ನು ಹಿಡಿದು ನೋಡಿದರೆ ಉಳಿದ ಗುರುತಿಗೆ ಬರೋಬ್ಬರಿ ಕೂತಿತು.

"ಮಾಮಾ, ಕುಂಟೋದು ಯಾರು ಈಗ?" ಮೌಶಿ ಕಟ್ಟೆಯ ಮೇಲೆ ಧರಣಿಗೆ ಕೂತಲ್ಲಿಂದಲೇ ಕೇಳಿದಳು. "ಎತ್ತು ಮಾರೋಣೇನು?"

ಅಪ್ಪ ತಡೆಯಲಾರದೆ ನಕ್ಕರು. ಸೋಮವಾರ ಎಮ್ಮೆ ಬಂತು, ಚಂದದ ಎಮ್ಮೆ. ಅಪ್ಪ ಅದರ ಬೆನ್ನು ಸವರಿ, ತಂದವರಿಗೆ ಚಹಾ ಕೊಟ್ಟು, ಪಾಕೀಟಿನ ಹಾಲಿನದೇ, ಮರಳಿ ಕಳಿಸಿದರು. ಕಾರು ಕೇಳಿದ್ದವರಿಗೂ ಇಲ್ಲವೆಂದು ಫೋನ್ ಮಾಡಿದರು. ಗೂಟ ಇನ್ನೂ ಅಲ್ಲೇ ಇದೆ. ರಿವರ್ಸ್ ಬಂದಾಗ ಬಂಪರ್ ಅದಕ್ಕೆ ಮೆಲ್ಲಗೆ ತಾಗಿದರೆ ಸಾಕು, ಕಾರು ನಿಲ್ಲುವ ಜಾಗ ಸರಿಯಾಗಿ ಸಿಗುತ್ತದೆ.

ದಸರೆ ದಾಟಿದೆ. ನಮ್ಮಂತೆ ವಾರಕ್ಕೊಮ್ಮೆ, ಅರವತ್ತರ ಒಳಗೆ ಓಡಿಸುವವರಿಗೆ ಈ ಟಯರು ಅಡ್ಡಿಯಿಲ್ಲ ಎಂದು ನಾನು ಹೇಳುತ್ತೇನೆ. ತಯಾರಾದ ವಾರ ನೋಡಿ, ನಿಮ್ಮ ಕಾರಿಗೆ ಹೇಳಿದ ಅಳತೆಯದನ್ನೇ ಜೋಡಿಯಾಗಿ ತಗೊಳ್ಳಿ, ಹಿಂದಕ್ಕೆ ಹಾಕಿಸಿ. ದಿನಾ ಹೈವೇಯಲ್ಲಿ ಜೋರಾಗಿ ಹೋಗುವವರಿಗೆ ಹೇಳುವಷ್ಟು ನನಗೆ ಗೊತ್ತಿಲ್ಲ. ನಮ್ಮ ಕಡೆಯ ಬೇಸಿಗೆಯನ್ನೂ ಇವು ಇನ್ನೂ ಕಂಡಿಲ್ಲ. ಇಂಥ ಅರ್ಧ ಬೆಲೆಯ ಟಯರನ್ನು ಎರಡು ಮೂರು ಬೇಸಿಗೆ ಓಡಿಸಿ ನೋಡಿದವರು ಯಾರಾದರೂ ಇದ್ದರೆ, ರಬ್ಬರ್ ಯಾವಾಗ ಬಿರಿಯಿತು, ಮಳೆಯಲ್ಲಿ ಹಿಡಿತ ಎಷ್ಟು ಉಳಿಯಿತು, ದಯವಿಟ್ಟು ಬರೆದು ತಿಳಿಸಿ. ಅಪ್ಪ ಕೇಳುವ ಮೊದಲು ನನಗೆ ಗೊತ್ತಾಗಬೇಕು.