ಮುಸುರೆ ಡ್ರಮ್ಮಿನ ದುರುಗಕ್ಕ

ದುರುಗಕ್ಕನ ಎಡಗೈ ಮಣಿಕಟ್ಟು ಈಗಲೂ ಸೊಟ್ಟಗಿದೆ. ಅದು ಮುರಿದ ದಿನ ನಾನು ಹತ್ತು ಮಾರು ದೂರದಲ್ಲಿ ಸೋರೆಕಾಯಿ ಹೆಚ್ಚುತ್ತಾ ಕೂತಿದ್ದೆ.

ಜಗಳೂರಿನ ಹೊರಗೆ ವಿಶ್ವವಿದ್ಯಾಲಯದವರು ಕ್ಯಾಂಪಸ್ ಮಾಡಿದಾಗಿನಿಂದ ನಾನು ಅಲ್ಲಿನ ಹಾಸ್ಟೆಲ್ ಅಡುಗೆಮನೆಯಲ್ಲಿದ್ದೇನೆ. ಹುಡುಗರು ತಟ್ಟೆಯಲ್ಲಿ ಬಿಟ್ಟ ಅನ್ನ, ಸಾರು, ಮುದ್ದೆ ಎಲ್ಲಾ ಸೇರಿ ದಿನಕ್ಕೆ ನಾಲ್ಕು ಡ್ರಮ್ಮು ಮುಸುರೆ. ಹನ್ನೊಂದು ವರ್ಷ ತನ್ನ ಲಗೇಜ್ ಆಟೊದಲ್ಲಿ ಅದನ್ನು ಒಯ್ದವಳು ದುರುಗಕ್ಕ. ಅವಳ ಮೂವತ್ತು ಹಂದಿಗಳು ಬದುಕಿದ್ದು ಅದರಿಂದ, ಅವಳು ಬದುಕಿದ್ದು ಹಂದಿಗಳಿಂದ. ಗಂಡ ಸತ್ತಾಗಲೂ ತಪ್ಪಿಸಲಿಲ್ಲ. ಮಣ್ಣು ಮಾಡಿ ಬಂದು ಡ್ರಮ್ಮು ಎತ್ತಿದಳು. ಬಾಯಿ ಮಾತ್ರ ಜೋರು. "ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಹಾಕೀರಿ, ನನ್ನ ಹಂದಿ ನಿಮ್ಮನ್ನ ಬೈತಾವೆ" ಅಂತ ನಮಗೇ ಅನ್ನುವಳು.

ಹೋದ ವರ್ಷ ಗೇಟಿಗೆ 'ಹಸಿರು ಕ್ಯಾಂಪಸ್' ಅಂತ ಬೋರ್ಡು ಬಂತು. ಮುಸುರೆಯಿಂದ ನಮ್ಮ ಒಲೆಗೆ ಗ್ಯಾಸ್ ಮಾಡುವ ಗುಂಡಿ ಕಟ್ಟಿದರು. ನೋಡಿಕೊಳ್ಳಲು ಗುತ್ತಿಗೆದಾರನ ಕಡೆಯ ಪ್ರದೀಪ್ ಬಂದ, ಹೊನ್ನಾಳಿಯವನು. ಒಂದು ಹನಿ ಮುಸುರೆಯೂ ಹೊರಗೆ ಹೋಗಬಾರದು ಅಂದ.

"ಹಂಗಾದ್ರೆ ನನ್ನ ಹಂದಿಗೆ ಏನು ಇಕ್ಕಲಿ?" ಅಂದಳು ದುರುಗಕ್ಕ.

"ಅವಕ್ಕೂ ಹಾಸ್ಟೆಲ್‌ಗೆ ಅರ್ಜಿ ಹಾಕಾಕೆ ಹೇಳು."

ಎಂಟನೇ ದಿನ ಹಸಿದ ಹಂದಿಗಳು ಬೇಲಿ ನುಗ್ಗಿ ಬಂದವು. ಗಬ್ಬದ ಹಂದಿಯೊಂದು ಗುಂಡಿಯ ಪೈಪು ಕಚ್ಚಿ ಎಳೆಯಿತು. ಪ್ರದೀಪ್ ರಾಡಿನಿಂದ ಅದರ ನಡುವಿಗೆ ಹೊಡೆದ. ಅದು ಹಿಂಗಾಲು ಎಳೆದುಕೊಂಡು ಅರಚಿತು. ಅರಚುವುದು ನಿಲ್ಲುವ ತನಕ ತಲೆಗೇ ಹೊಡೆದ. ಅದು ಸತ್ತ ಮೇಲೂ ಹೊಟ್ಟೆಯೊಳಗೆ ಮರಿಗಳು ಮಿಸುಕಾಡುವುದು ಮೇಲಿಂದಲೇ ಕಾಣುತ್ತಿತ್ತು.

ದುರುಗಕ್ಕ ಓಡಿ ಬಂದಳು. ಡ್ರಮ್ಮು ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಅವನ ಬಾಯಿಗೆ ಬೀಸಿದಳು. ಎರಡು ಹಲ್ಲು ಉದುರಿದವು. ಅವನು ರಾಡು ಬೀಸಿದ. ಅವಳು ಎಡಗೈ ಅಡ್ಡ ಕೊಟ್ಟಳು. ಮೂಳೆ ಲಟಕ್ಕೆಂದಿದ್ದು ನನಗೆ ಕೇಳಿಸಿತು. ಬಲಗೈಯಲ್ಲಿ ಮತ್ತೆ ಕೊಕ್ಕೆ ಎತ್ತಿದ್ದಳು. ಅಡುಗೆಯ ದೊಡ್ಡಣ್ಣ ಸೊಂಟ ಹಿಡಿದು ಎಳೆಯದಿದ್ದರೆ ಅವನ ಕಣ್ಣೇ ಹೋಗುತ್ತಿತ್ತು.

ಠಾಣೆಯಲ್ಲಿ ಇಬ್ಬರ ಮೇಲೂ ಕೇಸಾಯಿತು. ಮುಸುರೆ ಮಾತ್ರ ಗುಂಡಿಗೇ ಹೋಯಿತು. ಒಂದು ತಿಂಗಳಲ್ಲಿ ಏಳು ಹಂದಿ ಮಾರಿದಳು.

ಅಷ್ಟರಲ್ಲಿ ನಮ್ಮ ಒಲೆಯ ಉರಿ ಇಳಿಯಿತು. ಗ್ಯಾಸ್ ಕಮ್ಮಿಯಾದಷ್ಟೂ ಪ್ರದೀಪ್ ಗುಂಡಿಗೆ ಇನ್ನಷ್ಟು ಅನ್ನ ಸುರಿದ. ಕ್ಯಾಂಪಸ್ಸೆಲ್ಲಾ ಹುಳಿ ನಾತ. ದುರುಗಕ್ಕ ಬೇಲಿಯಾಚೆ ನಿಂತು ಮೂಗೆಳೆದು ನನಗೆ ಹೇಳಿದಳು: "ಆ ಗುಂಡಿ ಹೊಟ್ಟೆ ಕೆಟ್ಟೈತೆ. ಅನ್ನ ಜಾಸ್ತಿ ತಿಂದ ಹಂದಿನೂ ಹಿಂಗೇ ನಾರ್ತೈತೆ. ಅರ್ಧ ಇಕ್ಕಿ, ಹಂದಿ ಗೊಬ್ಬರ ಕಲಸಿ ಬಿಡಾಕೆ ಹೇಳು."

ನಾನು ವಾರ್ಡನ್ ಉಷಾರಾಣಿ ಮೇಡಂಗೆ ಹೇಳಿದೆ. ಅವರು ನನ್ನನ್ನೂ ಕರೆದುಕೊಂಡು ಹಂದಿಗೂಡಿಗೇ ಹೋದರು.

"ಗೊಬ್ಬರ ಕೊಡ್ತೀಯೇನಮ್ಮಾ?"

"ಕೊಡ್ತೀನ್ರಿ. ದಿನಾ ಮೊದಲ ಎರಡು ಡ್ರಮ್ಮು ಉಸಿರಾಡೋ ಹೊಟ್ಟೆಗೆ, ಮಿಕ್ಕಿದ್ದು ನಿಮ್ಮ ಸಿಮೆಂಟಿನ ಹೊಟ್ಟೆಗೆ. ಗೊಬ್ಬರ ಹೊರೋನು ಆ ಪ್ರದೀಪನೇ ಆಗಬೇಕು."

"ಅವನು ಒಪ್ಪಲ್ಲ."

"ಹಂಗಾದ್ರೆ ಸೌದೆ ಒಡಸ್ರಿ."

ಮೂರು ದಿನ ಅವನು ಒಪ್ಪಲಿಲ್ಲ. ಅರೆಬೆಂದ ಅನ್ನಕ್ಕೆ ಹುಡುಗರು ತಟ್ಟೆ ಬಡಿದು ಗಲಾಟೆ ಎಬ್ಬಿಸಿದ ಮೇಲೆ ಹಂದಿಗೂಡಿಗೆ ಬಂದ, ಜೊತೆಗೆ ಮೇಡಂ ಮತ್ತು ನಾನು. ಅವಳು ಒಂದೇ ಕೈಯಲ್ಲಿ ಗೊಬ್ಬರದ ಪುಟ್ಟಿ ತುಂಬಿದಳು. ಅವನು ತಲೆ ಮೇಲೆ ಹೊತ್ತ.

"ಬಾಯಿ ಮುಚ್ಚಿಕೋ. ಹಲ್ಲಿನ ಸಂದಿ ಐತೆ, ಗೊಬ್ಬರ ಒಳಗೆ ಹೋದಾತು" ಅಂದಳು.

ಅವನು ಪುಟ್ಟಿ ಇಳಿಸಿ ಸಲಿಕೆ ಹಿಡಿದ. ಅವಳು ಕೊಕ್ಕೆ ಹಿಡಿದಳು. ಮೇಡಂ ನನ್ನ ರಟ್ಟೆ ಅಮುಕಿ ಹಿಡಿದರು. ಗೂಡಿನಲ್ಲಿ ಉಳಿದ ಹಂದಿಗಳು ಹಸಿವಿಗೆ ಗೋಡೆ ಗುದ್ದುತ್ತಿದ್ದವು. ದುರುಗಕ್ಕ ಒಮ್ಮೆ ಅತ್ತ ನೋಡಿದಳು. ಕೊಕ್ಕೆ ಬಿಡಲಿಲ್ಲ, ಆದರೆ ಎರಡು ಹೆಜ್ಜೆ ಹಿಂದೆ ಸರಿದಳು. ಪ್ರದೀಪ್ ಸಲಿಕೆ ಎಸೆದು ಪುಟ್ಟಿ ಹೊತ್ತ.

ಆ ಸಂಜೆ ಎರಡು ಡ್ರಮ್ಮು ಅವಳ ಲಗೇಜ್ ಆಟೊ ಏರಿದವು.