ತಿಕ್ಕೂ ಮಷಿನ್

ಐದು ದಿನ ನಮ್ಮ ಮನೆಯ ಜೋಳದ ಚೀಲದ ಹಿಂದೆ ಒಂದು ರಟ್ಟಿನ ಡಬ್ಬಿ ಅಡಗಿ ಕುಳಿತಿತ್ತು. ಅಡಗಿಸಿ ಇಟ್ಟವನು ನಾನೇ. ಬಮ್ಮಿಗಟ್ಟಿಯಲ್ಲಿ ಮನೆ ಕಟ್ಟಿಕೊಂಡು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿಕೊಂಡು, ಕೇಳಿದವರಿಗೆ ಕೇಳದವರಿಗೆ ಬುದ್ಧಿ ಹೇಳಿಕೊಂಡು ಇರುವ ಐವತ್ತಾರರ ಗೃಹಸ್ಥ ನಾನು. ಅಂಥವನು ಶಾಲೆಯಿಂದ ಬಂದವನೇ ಚಪ್ಪಲಿ ಬಿಟ್ಟು, ಸೀದಾ ಜೋಳದ ಚೀಲದ ಹತ್ತಿರ ಹೋಗಿ, ಕತ್ತು ಚಾಚಿ ಇಣುಕಿ, ಡಬ್ಬಿ ಇಟ್ಟಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಏನೂ ಅರಿಯದವನ ಹಾಗೆ ಚಹಾ ಕೇಳುತ್ತಿದ್ದೆ. ಎಮ್ಮೆ ಈದ ಮನೆಯವರು ಗಳಿಗೆಗೊಮ್ಮೆ ಕರು ನೋಡಿ ಬರುತ್ತಾರಲ್ಲ, ಹಾಗಿತ್ತು ನನ್ನ ಸ್ಥಿತಿ.

ಡಬ್ಬಿಯೊಳಗೆ ಇದ್ದದ್ದು ಸ್ಯಾಂಡರ್. ಕಟ್ಟಿಗೆಯನ್ನು ನುಣುಪು ಮಾಡುವ ಕರೆಂಟಿನ ಯಂತ್ರ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಅಡಿಯಲ್ಲಿ ರೊಟ್ಟಿಯಂತೆ ಗುಂಡಗಿನ ಮೆತ್ತೆ. ಆ ಮೆತ್ತೆಗೆ ಪಾಲಿಶ್ ಪೇಪರಿನ ಬಿಲ್ಲೆ ಅಂಟಿಸಿ ಗುಂಡಿ ಒತ್ತಿದರೆ ಅದು ಸುತ್ತುತ್ತದೆ, ಸುತ್ತುತ್ತಲೇ ನಡುಗುತ್ತದೆ, ಎದ್ದ ಪುಡಿಯನ್ನು ಹಿಂದಿನ ಪುಟ್ಟ ಚೀಲದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಅಂಗಡಿಯವರು ಒಮ್ಮೆ ಚಾಲೂ ಮಾಡಿ ನನ್ನ ಕೈಗೆ ಕೊಟ್ಟಾಗ ಭುಜದವರೆಗೆ ಝುಂ ಎಂದಿತ್ತು. ಮನೆಗೆ ಬಂದು ಮಲಗಿದರೂ ಆ ಝುಂ ಇಳಿದಿರಲಿಲ್ಲ. ಇಷ್ಟು ಸಂತೋಷ ನನಗೆ ಮೊದಲ ಸಂಬಳ ಬಂದಾಗಲೂ ಆಗಿರಲಿಲ್ಲ ಎಂದರೆ ನೀವು ನಗಬಾರದು.

ಸಂತೋಷಪಟ್ಟವನು ಅಡಗಿಸಿದ್ದೇಕೆ ಎಂದು ಕೇಳುತ್ತೀರಿ. ಅದನ್ನು ಹೇಳಬೇಕಾದರೆ ನನ್ನ ಪೆಟ್ಟಿಗೆಗಳ ವಿಷಯ ಹೇಳಬೇಕು.

ನಮ್ಮ ಕಲಘಟಗಿ ಸೀಮೆಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಕೈಗಳಿವೆ. ನನ್ನವು ಅಂಥ ಕೈಗಳಲ್ಲ. ನಾನು ಮಾಡುವುದು ಉಡುಗೊರೆಯ ಪೆಟ್ಟಿಗೆ. ಯಾರಾದರೂ ಹಳೆಯ ಮನೆ ಕೆಡವುತ್ತಿದ್ದರೆ ಸಾಂತ್ವನ ಹೇಳುವವನಂತೆ ಹೋಗಿ ನಿಂತು, ಬಾಗಿಲ ಚೌಕಟ್ಟಿನ ಸಾಗವಾನಿಯ ತುಂಡು ಬೇಡಿ ತರುತ್ತೇನೆ. ಗರಗಸ, ರಂಧಾ, ಉಳಿ ಹಿಡಿದು ಒಂದೆರಡು ತಿಂಗಳು ಒದ್ದಾಡಿದರೆ ಮುಚ್ಚಳ ಸಮೇತ ಒಂದು ಪೆಟ್ಟಿಗೆ ಆಗುತ್ತದೆ. ಮದುವೆಯಲ್ಲಿ ಎಲ್ಲರೂ ಹೆಸರು ಕೊರೆಸಿದ ಸ್ಟೀಲ್ ಪಾತ್ರೆಯನ್ನು ಆಯೇರು ಮಾಡಿದರೆ ನಾನು ಪೆಟ್ಟಿಗೆ ಕೊಡುತ್ತೇನೆ. ಜನ ಒಳ್ಳೆಯವರು, ಇಸಿದುಕೊಳ್ಳುತ್ತಾರೆ. ಒಂದು ಮನೆಯಲ್ಲಿ ಅದರಲ್ಲಿ ಟೀವಿಯ ರಿಮೋಟ್ ಇಟ್ಟಿದ್ದನ್ನು ನೋಡಿದ್ದೇನೆ. ಇನ್ನೊಂದು ಮನೆಯಲ್ಲಿ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದರು.

ಎರಡು ವರ್ಷದ ಹಿಂದೆ ತಿರ್ಲಾಪುರದಲ್ಲಿ ನನ್ನ ಹೆಂಡತಿ ಶಾರದಾಳ ತಂಗಿಯ ಮಗಳ ಮದುವೆ. ತಿರ್ಲಾಪುರ ಅವಳ ತವರು. ಅವಳು ಆಯ್ದು ತಂದ ಇಲಕಲ್ ಸೀರೆಯನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಕೊಟ್ಟೆವು. ಮದುಮಗಳು ಎಲ್ಲರೆದುರು ಮುಚ್ಚಳ ತೆಗೆದು ಸೀರೆಯನ್ನು ಎತ್ತಿದಳು. ಒಳಗೆಲ್ಲೋ ಎದ್ದಿದ್ದ ಒಂದು ಸಿಬಿರು ಸೆರಗಿನ ಎಳೆಯನ್ನು ಹಿಡಿದುಕೊಂಡಿತು. ಅವಳು ಎತ್ತಿದಳು, ಅದು ಬಿಡಲಿಲ್ಲ. ಸೆರಗಿನ ಉದ್ದಕ್ಕೂ ಒಂದು ಗೆರೆ ಎದ್ದಿತು. ಹೆಂಗಸರೆಲ್ಲ ಬಗ್ಗಿ ನೋಡಿದರು. ಯಾರೋ ಒಬ್ಬಾಕೆ, "ಪೆಟ್ಟಿಗಿ ಸೀರಿ ಕಡೀತು" ಎಂದಳು. ಇಂದಿಗೂ ನಾನು ತಿರ್ಲಾಪುರಕ್ಕೆ ಹೋದರೆ ನನ್ನ ಆರೋಗ್ಯಕ್ಕಿಂತ ಮೊದಲು ಪೆಟ್ಟಿಗೆ ಇನ್ನೂ ಕಡಿಯುತ್ತದೆಯೇ ಎಂದು ವಿಚಾರಿಸುತ್ತಾರೆ.

ಅಂದಿನಿಂದ ಶಾರದಾ ನನ್ನ ಪೆಟ್ಟಿಗೆಗಳಿಗೆ ಒಂದು ಪರೀಕ್ಷೆ ಹೂಡಿದ್ದಾಳೆ. ಅವಳು ಹತ್ತಿಯ ಊರಿನವಳು. ದೇವರ ದೀಪಕ್ಕೆ ಬತ್ತಿ ಹೊಸೆಯಲು ತವರಿನ ಹತ್ತಿಯೇ ಆಗಬೇಕು. ಕಾಳು ಬಿಡಿಸಿದ ಆ ಹತ್ತಿಯಿಂದ ಒಂದು ಚೂರು ಚಿವುಟಿ ಪೆಟ್ಟಿಗೆಯ ಒಳಗೆ ಮೆಲ್ಲಗೆ ಎಳೆಯುತ್ತಾಳೆ. ನುಣ್ಣಗಿದ್ದರೆ ಹತ್ತಿ ಜಾರಿಕೊಂಡು ಬರಬೇಕು. ಒರಟಿದ್ದರೆ ಅಲ್ಲಲ್ಲಿ ಬಿಳಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಆಗ ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿ, "ಗಡ್ಡಾ ಬಂದೈತಿ ನೋಡ್ರಿ" ಎನ್ನುತ್ತಾಳೆ. ಈ ಎರಡು ವರ್ಷದಲ್ಲಿ ಗಡ್ಡ ಬಾರದ ಪೆಟ್ಟಿಗೆ ನನ್ನ ಕೈಯಿಂದ ಹೊರಟಿರಲಿಲ್ಲ.

ಈಗ ನಮ್ಮ ಮಗಳು ರೂಪಾ ಬಸುರಿ. ಕುಂದಗೋಳದ ಸೊಸೆ, ಕುಬಸಕ್ಕೆ, ಎಂದರೆ ಸೀಮಂತಕ್ಕೆ, ತವರಿಗೆ ಬಂದಿದ್ದಳು. ಮಂಗಳವಾರ ಕಾರ್ಯ. ಉಡಿಸಲು ಹೊಸ ಹಸಿರು ಸೀರೆ ಬಂದಾಗಿತ್ತು. ಅದರ ಜೊತೆಗೆ ಶಾರದಾ ಮಗಳಿಗೆ ಕೊಡಬೇಕೆಂದು ತೆಗೆದಿಟ್ಟದ್ದು ತನ್ನ ಅವ್ವನ ಸೀರೆ. ಅವ್ವ ತೀರಿ ಹನ್ನೊಂದು ವರ್ಷವಾಯಿತು. ಆ ಇಲಕಲ್ ಸೀರೆಯನ್ನು ಶಾರದಾ ಒಮ್ಮೆಯೂ ಉಟ್ಟಿಲ್ಲ, ವರ್ಷಕ್ಕೊಮ್ಮೆ ಬಿಸಿಲು ತೋರಿಸಿ ಮತ್ತೆ ಮಡಚುತ್ತಾಳೆ. ಆ ಸೀರೆಗೆಂದೇ ನಾನು ಒಂದು ಪೆಟ್ಟಿಗೆ ಮಾಡುತ್ತಿದ್ದೆ. ಅವಳದು ಒಂದೇ ಮಾತು.

"ನೀವ ಏನರ ಮಾಡ್ರಿ, ಅವ್ವನ ಸೀರಿ ನಿಮ್ಮ ಪೆಟ್ಟಿಗ್ಯಾಗ ಇಡೂದಿಲ್ಲ."

ನನಗೆ ನಿಜವಾಗಿ ನೋವಾಯಿತು. ಮೊಮ್ಮಗುವಿನ ಮನೆಗೆ ನನ್ನ ಕೈಯ ಒಂದು ವಸ್ತು ಹೋಗಬೇಕು, ಅದರೊಳಗೆ ಆ ಸೀರೆಯೇ ಇರಬೇಕು ಎಂಬುದು ನನ್ನ ಆಸೆ. ಪಾಲಿಶ್ ಪೇಪರ್ ಹಿಡಿದು ದಿನವೂ ತಿಕ್ಕಿದೆ. ಪೆಟ್ಟಿಗೆ ನುಣುಪಾಗುವ ಮೊದಲು ನಾನೇ ನುಣುಪಾದೆ. ಬೆರಳಿನ ಗೆರೆಗಳು ಸವೆದು, ಶಾಲೆಯ ಹಾಜರಿಯ ಹೆಬ್ಬೆಟ್ಟಿನ ಮಷಿನ್ ನನ್ನನ್ನು ಗುರುತಿಸಲಿಲ್ಲ. ಮೂವತ್ತು ವರ್ಷ ದುಡಿದವನು ಅದರ ಎದುರು ಬೆರಳು ಒರೆಸಿ ಒರೆಸಿ ಇಡುತ್ತ ನಿಂತಾಗ ಸ್ಯಾಂಡರ್ ಕೊಳ್ಳುವ ನಿರ್ಧಾರ ಆಯಿತು.

ಇಲ್ಲಿ ಕನ್ನಡ ಮಾಸ್ತರನಾಗಿ ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಪಾಲಿಶ್ ಪೇಪರಿಗೆ ನಂಬರುಗಳಿರುತ್ತವೆ. ಎಂಬತ್ತು ಒರಟು, ನೂರಿಪ್ಪತ್ತು ನಡುವಿನದು, ಇನ್ನೂರಿಪ್ಪತ್ತು ನಯ. ನಮ್ಮ ಭಾಷೆಯಲ್ಲಿ ಈ ನಂಬರು ಬೇಕಿಲ್ಲ, ಕ್ರಿಯಾಪದಗಳೇ ಇವೆ. ಕೆರೆಯುವುದು, ತಿಕ್ಕುವುದು, ಉಜ್ಜುವುದು, ತೀಡುವುದು, ಸವರುವುದು. ಎಲ್ಲಕ್ಕಿಂತ ಕೊನೆಗೆ ನೇವರಿಸುವುದು, ಅಲ್ಲಿ ಕಾಗದವೂ ಇಲ್ಲ, ಬರಿಯ ಅಂಗೈ. ಕನ್ನಡಿಗರು ಎಂದೋ ಕಂಡುಕೊಂಡದ್ದನ್ನು ಕಂಪನಿಯವರು ಕಾಗದದ ಬೆನ್ನಿಗೆ ಅಚ್ಚು ಹಾಕಿದ್ದಾರೆ ಎಂದು ಒಂಬತ್ತನೆಯ ತರಗತಿಗೆ ಹೇಳಿದೆ. ಅವರು ಬರೆದುಕೊಂಡರು.

ಇಷ್ಟೆಲ್ಲ ಕ್ರಿಯಾಪದ ಬಲ್ಲ ನಾನು ಕಲಘಟಗಿಯ ಅಂಗಡಿಗೆ ಹೋದಾಗ ಬಾಯಿಗೆ ಬಂದದ್ದು ಒಂದೇ. "ತಿಕ್ಕೂ ಮಷಿನ್ ಐತೇನ್ರಿ?"

"ಐತ್ರಿ ಸರ, ಹೊಸಾದ ಬಂದೈತಿ" ಎಂದು ಅಂಗಡಿಯವರು ಒಳಗಿನಿಂದ ಏನೋ ತಂದರು. ತುದಿಯಲ್ಲಿ ಬ್ರಶ್ ಗಿರಗಿರ ತಿರುಗುವ ಯಂತ್ರ. "ಮನ್ಯಾಗ ಬಾಯಾರಿಗೇನ್ರಿ? ಭಾಳ ಚಲೋ ವಿಚಾರ ಮಾಡೀರಿ. ಗಂಗಾಳ, ಬೋಗುಣಿ, ಚರಿಗಿ, ಎಲ್ಲಾ ತಿಕ್ಕತೈತಿ. ಕೈಗೆ ಅಗದಿ ಆರಾಮ."

ನಮ್ಮ ಎದುರು ಮನೆಯ ಕಲ್ಲವ್ವ ಮಿಕ್ಸರ್ ರಿಪೇರಿಗೆಂದು ಬಂದು ಬಾಜೂಕೆ ನಿಂತಿದ್ದಳು. ನನ್ನನ್ನೂ ಬ್ರಶ್ಶನ್ನೂ ಒಂದು ಸಲ ನೋಡಿ, ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಅವಳು ಹೋದ ಮೇಲೆ ನಾನು, "ಅಲ್ರಿ, ಭಾಂಡೆ ತಿಕ್ಕೂದಲ್ಲ, ಕಟಗಿ ತಿಕ್ಕೂದು" ಎಂದೆ. ಅಂಗಡಿಯವರ ಮುಖದಲ್ಲಿ ನನ್ನ ಮೇಲಿದ್ದ ಗೌರವ ತುಸು ಇಳಿಯಿತು. ಬ್ರಶ್ಶನ್ನು ಒಳಗಿಟ್ಟು ಸ್ಯಾಂಡರ್ ತಂದುಕೊಟ್ಟರು.

ತಂದದ್ದಾಯಿತು, ಇನ್ನು ಸಮರ್ಥನೆ ಬೇಕು. ಶಾರದಾಳ ತಕರಾರು ದುಡ್ಡಿನದಲ್ಲ. ಕೈ ಗಟ್ಟಿ ಇರುವಾಗ ಕೈಕೆಲಸಕ್ಕೆ ಮಷಿನ್ ಏಕೆ ಎಂಬುದು ಅವಳ ಪ್ರಶ್ನೆ, ಅವಳು ಕೇಳುವ ಮೊದಲೇ ನನಗೆ ಕೇಳಿಸುವಂಥದು. ಐದು ದಿನ ಉತ್ತರ ತಯಾರಿಸಿದೆ. ಅಣ್ಣಿಗೇರಿಯ ಗುಡಿಯ ಕಂಬಗಳನ್ನು ನೋಡು, ಅಷ್ಟು ದುಂಡಗೆ ನುಣ್ಣಗೆ ಬರಬೇಕಾದರೆ ಕಲ್ಲನ್ನು ತಿರುಗಿಸಿಯೇ ತಿಕ್ಕಿರಬೇಕು, ಅಂದರೆ ಹಿರಿಯರೂ ಮಷಿನ್ ಬಳಸಿದವರೇ, ಇದು ಒಂದು. ಹಾಜರಿಯ ಹೆಬ್ಬೆಟ್ಟು ಎರಡನೆಯದು. ಮಷಿನ್ ಇದ್ದರೆ ಕೈ ಬಿಡುವಾಗುತ್ತವೆ, ಬಿಡುವಾದ ಕೈ ಮನೆಗೆ ಒದಗುತ್ತವೆ ಎಂಬುದು ಮೂರನೆಯದು. ಈ ಮೂರನೆಯದು ಕೇಳಲು ಚೆಂದವಿದೆ ಎಂದು ಸೇರಿಸಿಕೊಂಡೆ, ಅದರ ಅರ್ಥದ ಕಡೆ ಗಮನ ಕೊಡಲಿಲ್ಲ.

ಆ ಐದು ದಿನ ಶಾರದಾ ವಿಚಿತ್ರವಾಗಿದ್ದಳು. ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ ಒಂದರ ಬದಲು ಎರಡು ಬೀಳುತ್ತಿತ್ತು. ಕೇಳದೆಯೇ ಎಣ್ಣೆಗಾಯಿ ಮಾಡಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಪ್ಲಗ್ಗಿನ ಹತ್ತಿರ ಇದ್ದ ಡಬ್ಬಿಗಳನ್ನೆಲ್ಲ ಸರಿಸಿ ಜಾಗ ಮಾಡಿದ್ದಳು. ಮಗಳು ಬಂದ ಖುಷಿ ಎಂದುಕೊಂಡೆ. ನನ್ನ ಸ್ವಭಾವದ ಒಳ್ಳೆಯತನ ತಡವಾಗಿಯಾದರೂ ಅವಳಿಗೆ ತಿಳಿಯುತ್ತಿದೆ ಎಂದೂ ಅನ್ನಿಸಿತು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು, ಗಂಟಲು ಸರಿ ಮಾಡಿಕೊಂಡು, "ಒಂದು ವಿಷಯ ಹೇಳೂದೈತಿ" ಎಂದೆ.

"ಗೊತ್ತೈತಿ, ತಗೀರಿ ಹೊರಗ" ಎಂದಳು ಶಾರದಾ, ಕೈ ಒರೆಸಿಕೊಳ್ಳುತ್ತ. "ಜ್ವಾಳದ ಚೀಲದ ಹಿಂದ ಎಷ್ಟ ದಿನಾ ಇಡತೀರಿ? ಕಲ್ಲವ್ವ ಅವತ್ತ ಹೇಳ್ಯಾಳ."

ಡಬ್ಬಿ ಹೊರಗೆ ಬಂತು. ರೂಪಾಳೂ ಬಂದು ನಿಂತಳು. ಶಾರದಾ ಯಂತ್ರವನ್ನು ಎರಡೂ ಕೈಯಿಂದ ಎತ್ತಿ, ತಿರುಗಿಸಿ, ಅಡಿಯ ಮೆತ್ತೆಯನ್ನು ಬೆರಳಿಂದ ಒತ್ತಿ ನೋಡಿದಳು.

"ಇದರಾಗ ಗಂಗಾಳ ಹೆಂಗ ತಿಕ್ಕೂದ್ರಿ?"

ಬೆಣ್ಣೆಯ ಎರಡನೆಯ ಉಂಡೆಯ ಅರ್ಥ ನನಗೆ ಆಗ ಆಯಿತು. ಅಣ್ಣಿಗೇರಿಯ ಕಂಬಗಳು ಗಂಟಲಲ್ಲೇ ನಿಂತವು. ಇದು ಕಟ್ಟಿಗೆ ತಿಕ್ಕುವುದು ಎಂದು ಹೇಳಿದೆ. ಹಾಜರಿಯ ಮಷಿನ್ ನನ್ನ ಹೆಬ್ಬೆಟ್ಟು ಗುರುತಿಸದ ಕಥೆಯನ್ನೂ ಹೇಳಿದೆ.

ಅವಳು ಸಿಟ್ಟಾಗಲಿಲ್ಲ. ಯಂತ್ರವನ್ನು ಕೆಳಗಿಟ್ಟು, "ಹ್ವಾದ ವರ್ಷ ಸಿಮ್ ತಗೊಳ್ಳಾಕ ಹೋದಾಗ ನನ್ನ ಹೆಬ್ಬೆಟ್ಟೂ ಹತ್ತಲಿಲ್ಲ" ಎಂದಳು. "ಆವಾಗ ನೀವ ಅಂದ್ರಿ, ಸರಿ ಒತ್ತಾಕ ಬರೂದಿಲ್ಲ ನಿನಗ ಅಂತ."

ಅಂದದ್ದು ನಿಜ. ಅಂಗಡಿಯಲ್ಲಿ ನಾಲ್ಕು ಜನರ ಎದುರು ಅಂದಿದ್ದೆ, ನಕ್ಕೂ ಇದ್ದೆ. ಒಂದು ಪೆಟ್ಟಿಗೆಗೆ ಸವೆದ ನನ್ನ ಗೆರೆ ನನಗೆ ದೊಡ್ಡದಾಗಿ ಕಂಡಿತ್ತು. ಮೂವತ್ತು ವರ್ಷ ದಿನಕ್ಕೆ ಮೂರು ಹೊತ್ತು ತಿಕ್ಕಿ ಅಳಿಸಿಹೋದ ಅವಳ ಗೆರೆಯನ್ನು ಒತ್ತಲು ಬರದ ದಡ್ಡತನ ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಯಂತ್ರವನ್ನು ಸೋಮವಾರ ವಾಪಸು ಕೊಟ್ಟು ಆ ಬ್ರಶ್ಶಿನದನ್ನೇ ತರುತ್ತೇನೆ ಎಂದೆ.

"ಬ್ಯಾಡ" ಎಂದಳು. "ತಂದೀರಿ, ಚಾಲೂ ಮಾಡ್ರಿ. ನೋಡೂಣು."

ಅಂಗಳದಲ್ಲಿ ಪೆಟ್ಟಿಗೆ ಇಟ್ಟು ಚಾಲೂ ಮಾಡಿದೆ. ಏನೆಂದು ಹೇಳಲಿ. ನಾಚಿಕೆಯ ನಡುವೆಯೂ ನನ್ನ ಎದೆ ಕುಣಿಯತೊಡಗಿತು. ಎಂಬತ್ತರ ಬಿಲ್ಲೆ ಹೋದಲ್ಲಿ ಉಳಿಯ ಗುರುತು ಅಳಿಯಿತು. ನೂರಿಪ್ಪತ್ತರಲ್ಲಿ ಸಾಗವಾನಿಯ ಬಣ್ಣ ಎದ್ದು ಬಂತು. ಇನ್ನೂರಿಪ್ಪತ್ತು ಮುಗಿದಾಗ, ಯಾರದೋ ಮನೆಯ ಬಾಗಿಲಲ್ಲಿ ನೂರು ವರ್ಷ ಮಳೆ ಬಿಸಿಲು ತಿಂದ ಕಟ್ಟಿಗೆ ಇದೇ ಎಂದರೆ ನಂಬುವ ಹಾಗಿರಲಿಲ್ಲ. ರೂಪಾ ಮುಟ್ಟಿ ನೋಡಿ, "ಅಪ್ಪಾ, ಬೆಣ್ಣಿ ಆಗೈತಿ" ಎಂದಳು. ಎರಡು ತಿಂಗಳಲ್ಲಿ ಆಗದ್ದು ಅರ್ಧ ತಾಸಿನಲ್ಲಿ ಆಗಿತ್ತು.

ಶಾರದಾ ಬತ್ತಿಯ ಬುಟ್ಟಿ ತಂದು ಹತ್ತಿ ಚಿವುಟಿದಳು. ತಳದ ಮೇಲೆ ಎಳೆದಳು, ಜಾರಿತು. ಗೋಡೆಗಳ ಮೇಲೆ ಎಳೆದಳು, ಜಾರಿತು. ಒಳಮೂಲೆಗೆ ಹೋದಾಗ ನಾಲ್ಕು ಎಳೆ ಸಿಕ್ಕಿಕೊಂಡು ನಿಂತವು. ಗುಂಡಗಿನ ಮೆತ್ತೆ ಮೂಲೆಯೊಳಗೆ ಹೋಗುವುದಿಲ್ಲ. ಇದು ನನ್ನ ಐದು ದಿನದ ತಯಾರಿಯಲ್ಲಿ ಹೊಳೆದೇ ಇರಲಿಲ್ಲ.

"ಇಲ್ಲಿಗೆ ನಿಮ್ಮ ಮಷಿನ್ ಬರೂದಿಲ್ಲಲ್ರಿ" ಎಂದು ಅವಳು ಪಾಲಿಶ್ ಪೇಪರಿನ ಒಂದು ತುಂಡು ಮಡಚಿ, ಹೆಬ್ಬೆರಳಿನ ತುದಿಗಿಟ್ಟುಕೊಂಡು ಮೂಲೆ ತಿಕ್ಕತೊಡಗಿದಳು. ಗಂಗಾಳದ ಅಂಚನ್ನು ತಿಕ್ಕುವ ಅದೇ ತಿರುವು. ನಾಲ್ಕೂ ಮೂಲೆ ಅವಳೇ ಮುಗಿಸಿದಳು, ನಾನು ಪುಡಿ ಊದಿದೆ. ಮತ್ತೆ ಹತ್ತಿ ಎಳೆದಳು. ಒಂದು ಎಳೆಯೂ ನಿಲ್ಲಲಿಲ್ಲ. ಆಮೇಲೆ ಅಂಗೈಯಿಂದ ಒಳಗೆಲ್ಲ ಒಮ್ಮೆ ನೇವರಿಸಿದಳು. ಒಳಗೆ ಹೋಗಿ ಅವ್ವನ ಸೀರೆ ತಂದು, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. ನನಗೆ ಕಣ್ಣು ತುಂಬಿತು. ಕಟ್ಟಿಗೆಯ ಪುಡಿ ಎಂದು ಹೇಳಿ ಒರೆಸಿಕೊಂಡೆ.

"ಮತ್ತ ಈಗ ನಿಮ್ಮ ಕೈ ಬಿಡುವಾದುವಲ್ರಿ?" ಎಂದಳು ಶಾರದಾ. ನಾನು ಹೇಳದೇ ಉಳಿಸಿಕೊಂಡಿದ್ದ ಮೂರನೆಯ ಉತ್ತರ ಅವಳಿಗೆ ಹೇಗೆ ತಿಳಿಯಿತೋ.

ಮಂಗಳವಾರ ಕುಬಸ ಆಯಿತು. ತಿರ್ಲಾಪುರದವರೆಲ್ಲ ಬಂದಿದ್ದರು. ರೂಪಾ ಮುಚ್ಚಳ ತೆಗೆದಾಗ ಹೆಂಗಸರೆಲ್ಲ ಕುತ್ತಿಗೆ ಚಾಚಿ ನೋಡಿದರಂತೆ, ಸೀರೆ ಹಗುರಾಗಿ ಎದ್ದು ಬಂತಂತೆ, ಪೆಟ್ಟಿಗೆಯ ಹಲ್ಲು ಉದುರಿವೆ ಎಂದು ಯಾರೋ ಅಂದರಂತೆ. ಅಂತೆ ಎನ್ನುತ್ತಿರುವುದು ಏಕೆಂದರೆ ನಾನು ಅಲ್ಲಿರಲಿಲ್ಲ. ಹಿತ್ತಲಿನಲ್ಲಿದ್ದೆ. ಮೊದಲ ಪಂಕ್ತಿಯವರು ಉಂಡ ಗಂಗಾಳಗಳು ತಿಕ್ಕಲು ಬಂದು ಬಿದ್ದಿದ್ದವು.

ಕಲ್ಲವ್ವ ಹಿತ್ತಲ ಬಾಗಿಲಿಗೆ ಬಂದು ಶಾರದಾಳನ್ನು ಕೇಳುವುದು ಕಿವಿಗೆ ಬಿತ್ತು. "ಮಾಸ್ತರ್ರು ತಿಕ್ಕೂ ಮಷಿನ್ ತಂದಾರಲ್ಲ, ಎಲ್ಲೈತಿ, ತೋರಸವಾ."

"ಅಲ್ಲೇ ಕುಂತೈತಿ ನೋಡ್ರಿ" ಎಂದಳು ಶಾರದಾ.

ನಾನು ತಲೆ ಎತ್ತಲಿಲ್ಲ. ಗಂಗಾಳದ ಅಂಚಿಗೆ ಹೆಬ್ಬೆರಳನ್ನು ಓರೆಯಾಗಿ ಹಿಡಿಯಬೇಕು, ಆ ತಿರುವು ಆಗಷ್ಟೇ ಕೈಗೆ ಹತ್ತುತ್ತಿತ್ತು.