ಕಲಸದ ಕಟ್ಟು

ಗಡಿಯಾರದಪ್ಪನಿಗೆ ಒಂದು ಚಾಳಿ. ಏನು ಸಿಕ್ಕರೂ ಅದರ ಬೆನ್ನು ಬಿಚ್ಚಿ ಒಳಗೇನಿದೆ ಎಂದು ನೋಡಲೇಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಗಡಿಯಾರ ರಿಪೇರಿ ಮಾಡುತ್ತಲೇ ಅರವತ್ತೆರಡು ದಾಟಿದರೂ ಅದು ಹೋಗಿರಲಿಲ್ಲ. ಮಗಳು ಶಾಲೆಗೆ ಹೋಗುವಾಗ ಮಂತ್ರವಾದಿಗಳೂ ರಾಕ್ಷಸರೂ ಇರುವ ಕಾರ್ಡುಗಳ ಆಟವೊಂದನ್ನು ಕಲಿತು ಬಂದಳು. ಬೇಕಾದ ಕಾರ್ಡುಗಳನ್ನು ಆರಿಸಿ, ಅರವತ್ತರ ಕಟ್ಟು ಮಾಡಿಕೊಂಡು ಆಡುವುದು. ಅಪ್ಪ ಅದನ್ನೂ ಬಿಚ್ಚಿ ನೋಡಿದ. ಅವಳೀಗ ನರ್ಸ್, ಬೇರೆ ಮನೆ ಮಾಡಿದ್ದಾಳೆ. ಆದರೂ ಭಾನುವಾರ ಹತ್ತು ಗಂಟೆಗೆ ಅಂಗಡಿಯ ಮೇಜಿನ ಮೇಲೆ ಅಪ್ಪ-ಮಗಳ ಆಟ ತಪ್ಪಿದ್ದಿಲ್ಲ.

ಈಚೆಗೆ ಅವನ ಬಲಗೈ ನಡುಗತೊಡಗಿತ್ತು. ಚಿಮಟದಲ್ಲಿ ಹಿಡಿದ ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗು ಎರಡು ಸಲ ಹಾರಿ ಎಲ್ಲೋ ಬಿತ್ತು. ಇದು ಮಗಳ ಕಣ್ಣಿಗೆ ಬಿದ್ದರೆ ಮುಗಿಯಿತು, ಅಂಗಡಿಗೆ ಬೀಗ ಹಾಕು ಅನ್ನುತ್ತಾಳೆ, ನರ್ಸ್ ಬೇರೆ. ಅಂಗಡಿ ಇಲ್ಲದಿದ್ದರೆ ಬೆಳಗಾದ ಮೇಲೆ ಎಲ್ಲಿಗೆ ಹೋಗುವುದು? ನೆನೆದರೇ ಅವನಿಗೆ ಭಯವಾಗುತ್ತಿತ್ತು. ಆಟದಲ್ಲಿ ಕೈನಡುಕ ಬಯಲಾಗುವುದು ಕಾರ್ಡು ಕಲಸುವಾಗ. ಮೊದಲ ಸಲದ್ದನ್ನು ಅವಳು ಬರುವ ಮುಂಚೆಯೇ ಕಲಸಿಟ್ಟರಾಯಿತು. ಆದರೆ ಒಳ್ಳೊಳ್ಳೆಯ ಕಾರ್ಡುಗಳ ಮೇಲೆಲ್ಲ ಒಂದೇ ರಗಳೆ ಬರೆದಿರುತ್ತದೆ: ಕಟ್ಟಿನಿಂದ ಬೇಕಾದ್ದನ್ನು ಹುಡುಕಿ ತೆಗೆ, ಮತ್ತೆ ಕಲಸು.

ಮಗಳು ಹಿಂದೊಮ್ಮೆ ಅವನ ಫೋನಿನಲ್ಲಿ ಖಾತೆ ತೆರೆದುಕೊಟ್ಟಿದ್ದ ಜಾಲತಾಣವೊಂದಿತ್ತು. ಆ ಆಟದ ಇಪ್ಪತ್ತು ಸಾವಿರ ಕಾರ್ಡೂ ಅಲ್ಲಿವೆ. ಬಣ್ಣ ಹೇಳಿ, ಬಲ ಹೇಳಿ, ಕಾರ್ಡಿನ ಮೇಲಿರುವ ಒಂದು ಪದ ಹೇಳಿ, ಹೆಕ್ಕಿ ಕೊಡುತ್ತದೆ. ಪದಕ್ಕೆ ಮುಂಚೆ ಮೈನಸ್ ಗುರುತು ಹಾಕಿದರೆ ಆ ಪದ ಇರುವುದನ್ನೆಲ್ಲ ಆಚೆ ತಳ್ಳುತ್ತದೆ. ಅವನು 'ಕಲಸು' ಎಂಬುದಕ್ಕೆ ಮೈನಸ್ ಹಾಕಿದ. ಯಾರೂ ಮೂಸಿಯೂ ನೋಡದ ಮಂದಿಯೆಲ್ಲ ಮುಂದೆ ಬಂದರು: ಕುಂಟ ದ್ವಾರಪಾಲಕ, ಮುದಿ ಆಮೆ, ನಿದ್ದೆಗಣ್ಣಿನ ದೀಪದವಳು. ಎಲ್ಲವೂ ಅವನ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲೇ ಬಿದ್ದಿದ್ದವು. ಆಮೆಯ ಪಕ್ಕಕ್ಕೆ ದೀಪದವಳನ್ನು ನಿಲ್ಲಿಸಿದರೆ ಏನಾಗುತ್ತದೆ? ಇವರಿಬ್ಬರ ಹಿಂದೆ ಕುಂಟನನ್ನು ಬಿಟ್ಟರೆ? ಗಿರಾಕಿ ಬಂದು ಎರಡು ಸಲ ಕೆಮ್ಮಿದರೂ ಅವನು ತಲೆ ಎತ್ತಲಿಲ್ಲ. ನಾಲ್ಕನೆಯ ದಿನ 'ನಡುಗುವ ಕೈಗೊಂದು ಕಟ್ಟು' ಎಂದು ಹೆಸರಿಟ್ಟು ಅರವತ್ತರ ಪಟ್ಟಿಯನ್ನು ಆ ತಾಣದಲ್ಲೇ ಉಳಿಸಿದ. 'ನನಗೆ ಮಾತ್ರ ಕಾಣಲಿ' ಎಂಬ ಚೌಕಕ್ಕೆ ಗುರುತು ಹಾಕಬೇಕೆನ್ನುವುದು ಅವನ ಗಮನಕ್ಕೇ ಬರಲಿಲ್ಲ.

ಶನಿವಾರ ನೋಡಿದರೆ ಅದರ ಕೆಳಗೆ 'ನಕಲು ಮಾಡಿಕೊಂಡವರು: ಒಬ್ಬರು' ಎಂದಿತ್ತು. ಯಾರಪ್ಪ ಇದು? ಯಾವ ಊರಿನ ಪುಣ್ಯಾತ್ಮ, ಅವನ ಕೈಯೂ ನಡುಗುತ್ತದೆಯೇ? ತನ್ನ ಗುಟ್ಟು ಬೀದಿಗೆ ಬಿತ್ತು ಎಂದು ಹೊಳೆಯಬೇಡವೇ ಮನುಷ್ಯನಿಗೆ? ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಆ ಒಬ್ಬರು ಯಾರೆಂದು ದಿನವಿಡೀ ತಲೆಗೆ ಹುಳ ಬಿಟ್ಟುಕೊಂಡು ಖುಷಿಯಾಗಿದ್ದ.

ಭಾನುವಾರ ಮಗಳು ಬಂದು ಎದುರಿಗೆ ಕೂತಳು. ಅವನು ಮುದಿ ಆಮೆಯನ್ನು ಇಳಿಸಿದ. ಅವಳೂ ಒಂದು ಮುದಿ ಆಮೆಯನ್ನು ಇಳಿಸಿದಳು. ಅವನು ದೀಪದವಳನ್ನು ಇಟ್ಟ. ಅವಳ ಹತ್ತಿರವೂ ದೀಪದವಳಿದ್ದಳು. ಅಪ್ಪನ ಕೈ ಅಲ್ಲೇ ನಿಂತಿತು.

"ಆ ಒಬ್ಬರು ನೀನೇನಾ?"

"ಹೂಂ. ಖಾತೆ ತೆರೆದುಕೊಟ್ಟೋಳು ನಾನೇ ಅಲ್ವಾ? ನೀನು ಏನೇ ಹಾಕಿದ್ರೂ ನಂಗೆ ಸುದ್ದಿ ಬರುತ್ತೆ."

"ಹಾಗಾದ್ರೆ ಹೆಸರೂ ಓದಿದೀಯ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಪ್ಪ? ಟೀ ಲೋಟನ ಎರಡೂ ಕೈಲಿ ಹಿಡಿಯೋಕೆ ಶುರು ಮಾಡಿದಾಗ್ಲೇ ಗೊತ್ತಾಯ್ತು. ನೀನೇ ಹೇಳ್ಲಿ ಅಂತ ಕಾಯ್ತಾ ಇದ್ದೆ."

ಅವನು ಮೇಜಿನ ಅಂಚು ನೋಡುತ್ತ, "ಅಂಗಡಿ ಮುಚ್ಚು ಅಂತೀಯ" ಎಂದ.

"ನಾಳೆ ಡಾಕ್ಟರ ಹತ್ರ ಬರ್ತೀಯ, ಅದ್ರಲ್ಲಿ ಮಾತಿಲ್ಲ. ಅಂಗಡಿ ಯಾಕೆ ಮುಚ್ತೀಯ? ಕಟ್ಟಿಗೆ ಮಾಡಿದ್ದನ್ನೇ ಅಂಗಡಿಗೂ ಮಾಡು. ಆ ಕೂದಲೆಳೆ ಸ್ಪ್ರಿಂಗಿಗೆ ಮೈನಸ್ ಹಾಕು. ಸೆಲ್ಲು, ಬೆಲ್ಟು, ಗೋಡೆ ಗಡಿಯಾರ ಉಳಿಯುತ್ತಲ್ಲ."

ಅವನಿಗೆ ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು. ಆ ಆಟದಲ್ಲಿ ಅವನೇ ಸೋತ. ಮುಂದಿನ ಆಟಕ್ಕೆಂದು ಕಾರ್ಡುಗಳನ್ನು ಒಟ್ಟುಮಾಡಿ, ನಡುಗುವ ಕೈಯಲ್ಲೇ ಅವಳ ಮುಂದೆ ಸರಿಸಿದ.

"ಕಲಸಮ್ಮ," ಎಂದ.